ಗೋಡೆ ತುಂಬ ಎಲೆಕ್ಟ್ರಿಕ್, ಮೂಲೆಯಲ್ಲಿ ಒಂದೇ ಅಕೌಸ್ಟಿಕ್

ಹೋದ ವಾರ ಅಕ್ಕನ ಮಗ ಮನೆಗೆ ಬಂದಿದ್ದ. ಹದಿನಾಲ್ಕು ವರ್ಷದ ಹುಡುಗ, ಈಗಷ್ಟೇ ಗಿಟಾರ್ ಕಲಿಯಲು ಶುರು ಮಾಡಿದ್ದಾನೆ. ನನ್ನ ರೂಮಿನ ಗೋಡೆ ನೋಡುತ್ತಾ ನಿಂತವನು ಬೆರಳು ತೋರಿಸಿ ಎಣಿಸಿದ. ಐದು ಎಲೆಕ್ಟ್ರಿಕ್. ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ಒಂದೇ ಒಂದು ಅಕೌಸ್ಟಿಕ್, ಅಂದರೆ ಕರೆಂಟಿನ ಹಂಗಿಲ್ಲದೆ ತನ್ನ ಟೊಳ್ಳು ಮೈಯಿಂದಲೇ ಸದ್ದು ಮಾಡುವ ಗಿಟಾರ್.

"ಮಾಮ, ಇವು ಯಾಕೆ ಇಷ್ಟೊಂದು? ಅದು ಮಾತ್ರ ಯಾಕೆ ಒಂದೇ?"

ಇದಕ್ಕೆ ನನ್ನ ಹತ್ತಿರ ರೆಡಿ ಉತ್ತರ ಒಂದಿದೆ. ಒಂದೊಂದರ ಸದ್ದೂ ಬೇರೆ ಬೇರೆ ಕಣೋ, ಅದಕ್ಕೇ. ಇದನ್ನೇ ಮನೆಯವರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅವರು ಬೇಸತ್ತು ಸುಮ್ಮನಾಗುತ್ತಾರೆ. ಇವನು ಸುಮ್ಮನಾಗಲಿಲ್ಲ. "ಅಕೌಸ್ಟಿಕ್ ಗಿಟಾರ್‌ಗಳ ಸದ್ದೂ ಬೇರೆ ಬೇರೆ ಇರುತ್ತದೆ ಅಲ್ವಾ ಮಾಮ?" ಅಂದ.

ಇರುತ್ತದೆ. ಖಂಡಿತ ಇರುತ್ತದೆ. ನನ್ನ ಉತ್ತರ ಅಲ್ಲಿಗೇ ಕುಂಟಿತು.

ನನಗೆ ಗೊತ್ತಿರುವ ಗಿಟಾರ್ ಹುಚ್ಚರಲ್ಲಿ ಬಹಳಷ್ಟು ಜನರ ಮನೆಯಲ್ಲಿ ಇದೇ ಕಥೆ. ನಾಲ್ಕೋ ಎಂಟೋ ಎಲೆಕ್ಟ್ರಿಕ್, ಒಂದು ಅಕೌಸ್ಟಿಕ್, ಹೆಚ್ಚೆಂದರೆ ಎರಡು. ಬರೀ ಆಸೆ ಅನ್ನೋಣ ಅಂದರೆ ಆಸೆ ಅಕೌಸ್ಟಿಕ್ ಮೇಲೂ ಬರಬೇಕಿತ್ತಲ್ಲ. ಹಾಗಾಗಿ ಒಂದು ವಾರ ಇದೇ ತಲೆ ಕೊರೆಯುತ್ತಿತ್ತು. ಕೊನೆಗೆ ನನಗೆ ಹೊಳೆದದ್ದು ಇಷ್ಟು: ಎಲೆಕ್ಟ್ರಿಕ್ ಗಿಟಾರ್ ಇಡೀ ವಾದ್ಯವೇ ಅಲ್ಲ. ಅರ್ಧ ವಾದ್ಯ. ಮಿಕ್ಕ ಅರ್ಧ ಸದ್ದು ಹಿಗ್ಗಿಸುವ ಆಂಪ್‌ನಲ್ಲಿದೆ, ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಡಲ್‌ನಲ್ಲಿದೆ, ಸ್ಪೀಕರ್‌ನಲ್ಲಿದೆ. ಆ ಅರ್ಧ ಮನೆಯಲ್ಲಿ ಆಗಲೇ ಬಂದು ಕೂತಿರುವಾಗ ಈ ಅರ್ಧವನ್ನು ಬದಲಾಯಿಸಿ ನೋಡೋಣ ಅಂತ ಯಾರಿಗಾದರೂ ಅನಿಸುತ್ತದೆ. ಅಕೌಸ್ಟಿಕ್‌ನಲ್ಲಿ ಆ ಸೌಕರ್ಯ ಇಲ್ಲ. ಇನ್ನೊಂದು ತಂದರೆ ಇಡೀ ವಾದ್ಯವನ್ನೇ ಮತ್ತೊಮ್ಮೆ ತಂದ ಹಾಗೆ.

ಅವತ್ತು ಅವನಿಗೆ ಮಾತಲ್ಲಿ ಹೇಳೋದಕ್ಕಿಂತ ಕೇಳಿಸೋಣ ಅಂತ ಆಂಪ್ ಹಚ್ಚಿದೆ. ಮೊದಲು ಟೆಲಿಕ್ಯಾಸ್ಟರ್. ಫೆಂಡರ್‌ನವರು 1950ರ ಆಸುಪಾಸಿನಲ್ಲಿ ಮಾಡಿದ ವಿನ್ಯಾಸ ಅದು, ಹಲಗೆಗೆ ನೆಕ್ಕನ್ನು, ಅಂದರೆ ಎಡಗೈ ಹಿಡಿಯುವ ಉದ್ದ ಕತ್ತನ್ನು, ನಾಲ್ಕು ಸ್ಕ್ರೂನಲ್ಲಿ ಬಿಗಿದಿದ್ದಾರೆ, ಅಷ್ಟೇ. ಇ ಕಾರ್ಡ್ ಹಿಡಿದು ಒಂದು ಸಲ ಮೀಟಿದೆ. ಸ್ಟೀಲ್ ತಟ್ಟೆಯ ಅಂಚಿಗೆ ಚಮಚ ತಾಗಿದ ಹಾಗೆ ಟಣ್ ಅಂತು. ಕೈ ತೆಗೆದ ಮೇಲೂ ಹಿಂದೆ ಗುಂಯ್ ಅನ್ನೋ ಸಣ್ಣ ಸದ್ದು ಉಳಿಯಿತು. ಅದರ ಪಿಕಪ್ ಅಂದರೆ ಆಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಒಂದೇ ಸುರುಳಿ. ಗಿಟಾರ್ ತಂತಿಯ ಕಂಪನವನ್ನು ಹಿಡಿಯುವ ಹಾಗೆಯೇ ಮನೆಯ ವೈರಿಂಗ್‌ನ ಗೊಣಗಾಟವನ್ನೂ ಹಿಡಿಯುತ್ತದೆ. ತಿರುಗುವ ಕುರ್ಚಿಯಲ್ಲಿ ಕೂತು ಮೆಲ್ಲಗೆ ತಿರುಗು ಅಂದೆ. ಅವನು ಗಿಟಾರ್ ಹಿಡಿದುಕೊಂಡು ತಿರುಗಿದ. ಒಂದು ದಿಕ್ಕಿಗೆ ಬಂದಾಗ ಆ ಗುಂಯ್ ಪೂರ್ತಿ ಇಳಿಯಿತು, ಇನ್ನೊಂದು ಚೂರು ತಿರುಗಿದರೆ ಮತ್ತೆ ಏರಿತು. ಹುಡುಗನಿಗೆ ಗಿಟಾರ್‌ಗಿಂತ ಇದೇ ಮಜಾ ಅನಿಸಿ ಐದಾರು ಸುತ್ತು ಹೊಡೆದ.

ಆಮೇಲೆ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಮಾದರಿಯದ್ದು. ಅದೇ ಆಂಪ್, ಅದೇ ಕಾರ್ಡ್, ಒಂದು ಗುಂಡಿಯನ್ನೂ ಮುಟ್ಟಿಲ್ಲ. ಸದ್ದು ಮಾತ್ರ ದಪ್ಪ, ಗುಂಡಗೆ, ಎದೆಯಿಂದ ಬಂದ ಹಾಗೆ. ಗೊಣಗಾಟವೂ ಇಲ್ಲ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಅನ್ನೋ ಎಂಜಿನಿಯರ್ ಒಂದರ ಪಕ್ಕ ಒಂದು ಎರಡು ಸುರುಳಿ ಇಟ್ಟು, ಒಂದರ ಗೊಣಗಾಟವನ್ನು ಇನ್ನೊಂದು ತಿಂದು ಹಾಕುವ ಹಾಗೆ ಜೋಡಿಸಿದರು. ಅದೇ ಹಂಬಕರ್. ಅವರು ಹೊರಟಿದ್ದು ಗೊಣಗಾಟ ನಿಲ್ಲಿಸೋದಕ್ಕೆ. ಜೊತೆಗೆ ಸಿಕ್ಕಿದ್ದು ಬೇರೆಯದೇ ಒಂದು ಕಂಠ. ಟೆಲಿಕ್ಯಾಸ್ಟರ್‌ನಲ್ಲಿ ತಿಪ್ಪರಲಾಗ ಹಾಕಿದರೂ ಆ ಕಂಠ ಬರುವುದಿಲ್ಲ. ಲೆಸ್ ಪಾಲ್‌ನಲ್ಲಿ ಆ ಟಣ್ ಬರುವುದಿಲ್ಲ.

ಕೈಗೂ ವ್ಯತ್ಯಾಸ ಇದೆ. ಫೆಂಡರ್‌ನಲ್ಲಿ ತಂತಿಯ ಮೀಟುವ ಉದ್ದ 648 ಮಿಲಿಮೀಟರ್, ಗಿಬ್ಸನ್‌ನಲ್ಲಿ ಸುಮಾರು 628. ಎರಡೇ ಸೆಂಟಿಮೀಟರ್, ಆದರೆ ಅದೇ ದಪ್ಪದ ತಂತಿ ಹಾಕಿದರೂ ಗಿಡ್ಡದ್ದರಲ್ಲಿ ಬಿಗಿ ಕಡಿಮೆ, ತಂತಿಯನ್ನು ಎಳೆದು ಸ್ವರ ಏರಿಸುವಾಗ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಮೂರನೆಯದರ ಕಥೆಯೇ ಬೇರೆ. ತಂತಿಗಳು ಬಾಡಿಯ ಮೇಲೆ ಕೂರುವ ಜಾಗ ಬ್ರಿಡ್ಜ್; ಅದರಲ್ಲಿರುವುದು ಸ್ಪ್ರಿಂಗ್ ಮೇಲೆ ಅಲ್ಲಾಡುವ ಫ್ಲಾಯ್ಡ್ ರೋಸ್ ಬ್ರಿಡ್ಜ್. ಕಡ್ಡಿ ಹಿಡಿದು ಅಲ್ಲಾಡಿಸಿದರೆ ಸ್ವರ ಪಾತಾಳಕ್ಕೆ ಇಳಿದು ವಾಪಸ್ ತನ್ನ ಜಾಗಕ್ಕೇ ಬರುತ್ತದೆ. ಆದರೆ ಶ್ರುತಿ ಬದಲಾಯಿಸಬೇಕು ಅಂದಿರೋ, ಮುಗಿಯಿತು. ಮೇಲಿನ ಕ್ಲ್ಯಾಂಪ್‌ಗಳನ್ನು ಆಲನ್ ಕೀ ಹಾಕಿ ಸಡಿಲಿಸಬೇಕು, ಒಂದು ತಂತಿ ಇಳಿಸಿದರೆ ಹಿಂದಿನ ಸ್ಪ್ರಿಂಗ್‌ಗಳ ತೂಕ ತಪ್ಪಿ ಮಿಕ್ಕ ಐದೂ ಏರುತ್ತವೆ, ಅವನ್ನು ಇಳಿಸಿದರೆ ಮೊದಲನೆಯದು ಮತ್ತೆ ತಪ್ಪುತ್ತದೆ. ಅರ್ಧ ಗಂಟೆ ಹೋಯಿತು. ಅದಕ್ಕೇ ತಗ್ಗಿನ ಶ್ರುತಿಗೆ ಅಂತ ನಾಲ್ಕನೆಯದು ಬಂತು. ಐದನೆಯದಕ್ಕೆ ಕಾರಣ ಕೇಳಬೇಡಿ. ಕೆಂಪಗಿತ್ತು, ಚೆನ್ನಾಗಿತ್ತು.

ಇದೂ ಒಂದು ವಿಷಯವೇ, ನಗಬೇಡಿ. ಎಲೆಕ್ಟ್ರಿಕ್ ಗಿಟಾರ್‌ನ ಬಾಡಿ ಗಟ್ಟಿ ಮರದ ಹಲಗೆ. ಅದಕ್ಕೆ ಕೊಂಬು ಬಿಡಿಸಬಹುದು, ಬಾಣದ ಆಕಾರಕ್ಕೆ ಕೊಯ್ಯಬಹುದು, ಕಾರಿನ ಪೇಂಟ್ ಬಳಿಯಬಹುದು, ಸದ್ದಿಗೆ ಅಷ್ಟೇನೂ ತೊಂದರೆ ಇಲ್ಲ. ಅಕೌಸ್ಟಿಕ್‌ನಲ್ಲಿ ಬಾಡಿಯೇ ಗಂಟಲು. ಅಲ್ಲಿ ಆಟ ಆಡುವ ಹಾಗಿಲ್ಲ. 1916ರಲ್ಲಿ ಮಾರ್ಟಿನ್ ಕಂಪನಿ ಮೊದಲು ಮಾಡಿದ ಡ್ರೆಡ್‌ನಾಟ್ ಆಕಾರವೇ ಇವತ್ತಿಗೂ ಎಲ್ಲೆಲ್ಲೂ ಕಾಣುತ್ತದೆ. ಬಣ್ಣವೂ ಬಹುಪಾಲು ಮರದ್ದೇ. ಎರಡು ಅಕೌಸ್ಟಿಕ್ ಪಕ್ಕಪಕ್ಕ ಇಟ್ಟರೆ ಮನೆಗೆ ಬಂದವರಿಗೆ ಅವಳಿ ಮಕ್ಕಳ ಹಾಗೆ ಕಾಣುತ್ತವೆ.

ಇನ್ನು ಕೈ ಹಾಕಿ ಕೆದಕುವ ಚಟ. ಎಲೆಕ್ಟ್ರಿಕ್ ಗಿಟಾರ್ ಬಿಚ್ಚಿ ಜೋಡಿಸುವ ವಸ್ತು. ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರ ಹೊತ್ತಿನಲ್ಲಿ ಫೆಂಡರ್ ಕಂಪನಿಯದ್ದೇ ಆರು ಹಳೇ ಸ್ಟ್ರಾಟೊಕ್ಯಾಸ್ಟರ್ ಕೊಂಡು, ಮೂರನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರಲ್ಲಿ ಚೆನ್ನಾಗಿದ್ದ ಭಾಗಗಳನ್ನೆಲ್ಲ ಸೇರಿಸಿ ಒಂದು ಗಿಟಾರ್ ಮಾಡಿಸಿಕೊಂಡರು. ಅದೇ ಬ್ಲ್ಯಾಕಿ. ವರ್ಷಗಟ್ಟಲೆ ಅದನ್ನೇ ನುಡಿಸಿದರು. ಮೂರು ಅಕೌಸ್ಟಿಕ್ ಸೇರಿಸಿ ಒಂದು ಮಾಡಿ ನೋಡೋಣ! ನಾನೂ ಒಮ್ಮೆ ಪಿಕಪ್ ಬದಲಾಯಿಸಲು ಕೂತೆ. ಸೋಲ್ಡರಿಂಗ್ ಐರನ್‌ನಲ್ಲಿ ಹೆಬ್ಬೆರಳು ಸುಟ್ಟುಕೊಂಡೆ, ಆ ಗಡಿಬಿಡಿಯಲ್ಲಿ ಒಂದು ಪಿಕಪ್‌ನ ಎರಡು ವೈರ್ ಅದಲು ಬದಲಾದವು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಒಂದರ ಸದ್ದು ಇನ್ನೊಂದರದ್ದನ್ನು ಕಡಿದು, ಮೂಗಿನಲ್ಲಿ ಮಾತಾಡಿದ ಹಾಗೆ ತೆಳ್ಳಗೆ ಕೇಳಿಸಿತು. ಸರಿ ಮಾಡೋಣ ಅಂತ ಮರುದಿನ ಮತ್ತೆ ಹಚ್ಚಿದೆ. ಇಷ್ಟವಾಗಿಬಿಟ್ಟಿತು. ಹಾಗೇ ಬಿಟ್ಟೆ. ಈಗ ಆ ಮೂಗಿನ ಸದ್ದು ಬೇಕು ಅಂದರೆ ಅದೇ ಗಿಟಾರ್ ಬೇಕು, ಅದನ್ನು ಹೇಗೆ ಮಾರಲಿ ಹೇಳಿ.

ಅಕೌಸ್ಟಿಕ್ ವಿಷಯಕ್ಕೆ ಬಂದರೆ ಎಲ್ಲ ಉಲ್ಟಾ. ಅದರ ಮುಂದಿನ ಹಲಗೆ ಸುಮಾರು 3 ಮಿಲಿಮೀಟರ್ ದಪ್ಪ, ಅಷ್ಟೇ. ಆರು ತಂತಿ ಸೇರಿ ಅದನ್ನು ಹತ್ತಿರ ಹತ್ತಿರ 70 ಕೆಜಿ ಬಲದಲ್ಲಿ ಎಳೆಯುತ್ತಾ ಇರುತ್ತವೆ, ಹಗಲೂ ರಾತ್ರಿ, ನೀವು ನುಡಿಸಿ ಬಿಡಿ. ಒಬ್ಬ ಮನುಷ್ಯ ಜೋತು ಬಿದ್ದ ಹಾಗೆ. ಒಳಗೆ ಅಡ್ಡಡ್ಡ ಅಂಟಿಸಿದ ಸಣ್ಣ ಪಟ್ಟಿಗಳು ತಡೆದು ನಿಲ್ಲಿಸಿವೆ. ಪಟ್ಟಿ ದಪ್ಪ ಮಾಡಿದರೆ ಸದ್ದು ಸಾಯುತ್ತದೆ, ತೆಳ್ಳಗೆ ಮಾಡಿದರೆ ಹಲಗೆ ಉಬ್ಬುತ್ತದೆ. ಗಾಳಿಯಲ್ಲಿ ತೇವ ನೂರಕ್ಕೆ 45ರಿಂದ 55ರ ಒಳಗಿದ್ದರೆ ಅದಕ್ಕೆ ಆರಾಮ. ಇಂಥದ್ದನ್ನು ನಾನು ಒಮ್ಮೆ ತಿಂಗಳುಗಟ್ಟಲೆ ಎಸಿ ಎದುರಿಗೇ ಬಿಟ್ಟೆ. ಮೊದಲು ನೆಕ್ ಮೇಲೆ ಕೈ ಜಾರಿಸಿದಾಗ ಫ್ರೆಟ್ ಅನ್ನೋ ಲೋಹದ ಅಡ್ಡಪಟ್ಟಿಗಳ ತುದಿ ಚುಚ್ಚಲು ಶುರುವಾಯಿತು. ಮರ ಒಣಗಿ ಕುಗ್ಗಿತ್ತು, ಲೋಹ ಕುಗ್ಗುವುದಿಲ್ಲವಲ್ಲ. ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ರಾತ್ರಿ ಟಪ್ ಅಂತ ಸದ್ದು. ಬೆಳಿಗ್ಗೆ ನೋಡಿದರೆ ಬ್ರಿಡ್ಜ್ ಹಿಂದೆ ಮರದ ಗೆರೆಯ ಜಾಡಿನಲ್ಲೇ ಒಂದು ಬಿರುಕು, ಉಗುರು ಆಡಿಸಿದರೆ ಮಾತ್ರ ತಿಳಿಯುವಷ್ಟು. ರಿಪೇರಿಯಾಯಿತು. ಆದರೆ ಅವತ್ತು ಹೊಟ್ಟೆಯಲ್ಲಿ ಆದ ಸಂಕಟ ಮಾತ್ರ ಮರೆತಿಲ್ಲ. ಗೋಡೆಯ ಮೇಲಿನ ಐದನ್ನು ಆರು ತಿಂಗಳು ಮುಟ್ಟದೆ ಬಿಟ್ಟರೂ ಧೂಳು ಕೂರುತ್ತದೆ, ವಾಲ್ಯೂಮ್ ಗುಂಡಿ ತಿರುಗಿಸಿದರೆ ಕಿರ್ ಕಿರ್ ಅನ್ನುತ್ತದೆ, ಅಷ್ಟೇ. ಅಕೌಸ್ಟಿಕ್ ಸಾಕಿದ ಪ್ರಾಣಿ ಇದ್ದ ಹಾಗೆ. ಒಂದನ್ನು ನೋಡಿಕೊಳ್ಳೋದೇ ಜಾಸ್ತಿ.

ಮತ್ತೆ ಒಂದು ಸಾಕೂ ಆಗುತ್ತದೆ. ಅಕೌಸ್ಟಿಕ್‌ನಲ್ಲಿ ಸದ್ದು ಬದಲಾಯಿಸುವ ಕೆಲಸ ಕೈಯದ್ದು. ಬ್ರಿಡ್ಜ್ ಹತ್ತಿರ ಮೀಟಿದರೆ ಚೂಪು, ಫ್ರೆಟ್ ಕಡೆ ಸರಿದರೆ ಮೆತ್ತಗೆ. ಪಿಕ್ ಬಿಟ್ಟು ಬೆರಳಲ್ಲಿ ನುಡಿಸಿದರೆ ಬೇರೆಯದೇ ಗಿಟಾರ್. ನೆಕ್ ಮೇಲೆ ತಂತಿ ಒತ್ತಿ ಹಿಡಿಯುವ ಕೇಪೊ ಕ್ಲಿಪ್ ಹಾಕಿದರೆ ಇನ್ನೊಂದು ಶ್ರುತಿ, ಬಿರಡೆ ತಿರುಗಿಸಿದರೆ ಮತ್ತೊಂದು. ಎಲೆಕ್ಟ್ರಿಕ್‌ನಲ್ಲೂ ಇದೆಲ್ಲ ಉಂಟು, ಆದರೆ ಅಲ್ಲಿ ಕೈಗಿಂತ ಮೊದಲು ಕಾಲು ಪೆಡಲ್ ಕಡೆ ಓಡುತ್ತದೆ. ನನ್ನದಂತೂ ಓಡುತ್ತದೆ. ಅಮೆರಿಕದ ಗಾಯಕ ವಿಲ್ಲಿ ನೆಲ್ಸನ್ 1969ರಿಂದ ಒಂದೇ ನೈಲಾನ್ ತಂತಿಯ ಮಾರ್ಟಿನ್ ಗಿಟಾರ್ ನುಡಿಸುತ್ತಾ ಬಂದಿದ್ದಾರೆ. ಅದಕ್ಕೆ ಟ್ರಿಗರ್ ಅಂತ ಹೆಸರೂ ಇಟ್ಟಿದ್ದಾರೆ. ಮೀಟಿ ಮೀಟಿ ಹಲಗೆ ಸವೆದು ಇನ್ನೊಂದು ತೂತೇ ಬಿದ್ದಿದೆ. ಆದರೂ ಬಿಟ್ಟಿಲ್ಲ.

ಬೆರಳಲ್ಲೇ ನುಡಿಸುವ ಪಕ್ಕಾ ಅಕೌಸ್ಟಿಕ್ ಜನ ಬೇರೆ. ಅವರ ಮನೆಯಲ್ಲಿ ಐದಾರು ಇರಬಹುದು, ಮುಂದಿನ ಹಲಗೆ ಸೀಡರ್ ಮರದ್ದಾದರೂ ಸ್ಪ್ರೂಸ್ ಮರದ್ದಾದರೂ ವ್ಯತ್ಯಾಸ ಏನು ಅಂತ ಕೇಳಿದರೆ ಊಟ ಬಿಟ್ಟು ಹೇಳುತ್ತಾರೆ. ನಾನು ಹೇಳುತ್ತಿರುವುದು ನನ್ನಂಥ ಎರಡೂ ದೋಣಿಯಲ್ಲಿ ಕಾಲಿಟ್ಟವರ ಮಾತು.

ಹುಡುಗನಿಗೆ ಇದರಲ್ಲಿ ಅರ್ಧ ಹೇಳಿದೆ, ಅರ್ಧ ಈಗ ಬರೆಯುವಾಗ ಹೊಳೆಯಿತು. ಅವನು ಎಲ್ಲ ಕೇಳಿಸಿಕೊಂಡು, "ಹಾಗಾದರೆ ಒಂದೇ ಸುರುಳಿಯದ್ದಕ್ಕೂ ಎರಡು ಸುರುಳಿಯದ್ದಕ್ಕೂ ನಡುವೆ ಏನೂ ಇಲ್ವಾ ಮಾಮ?" ಅಂದ.

ಇದೆ. ಪಿ-90 ಅಂತ. ಒಂದೇ ಸುರುಳಿ, ಆದರೆ ಅಗಲ. ಟಣ್ ಕೂಡ ಇದೆ, ದಪ್ಪವೂ ಇದೆ, ಗೊಣಗುತ್ತದೆ ಕೂಡ. ತೋರಿಸೋಣ ಅಂತ ಗೋಡೆ ಕಡೆ ತಿರುಗಿದರೆ, ಐದರಲ್ಲಿ ಒಂದರಲ್ಲೂ ಇಲ್ಲ.