ಗೇಮಿಂಗ್ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ವಿಪರೀತ ಬಿಸಿಯಾಗುತ್ತಿದ್ದರೆ ಮೊದಲು ಏನನ್ನು ನೋಡಬೇಕು?

‘ಇಷ್ಟು ದಿನ 80 ಡಿಗ್ರಿಯ ಆಸುಪಾಸಿನಲ್ಲಿರುತ್ತಿದ್ದ ಪ್ರೊಸೆಸರ್ ಈಗ ಅದೇ ಆಟಕ್ಕೆ 97, 98 ಮುಟ್ಟುತ್ತಿದೆ. ಥರ್ಮಲ್ ಪೇಸ್ಟ್ ಬದಲಿಸಬೇಕೇ?’ ಗೇಮಿಂಗ್ ಲ್ಯಾಪ್‌ಟಾಪ್ ಬಳಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯಿದು. (ಥರ್ಮಲ್ ಪೇಸ್ಟ್ ಎಂದರೆ ಪ್ರೊಸೆಸರ್‌ನ ಶಾಖವನ್ನು ಅದರ ಮೇಲಿರುವ ಹೀಟ್‌ಸಿಂಕ್ ಎಂಬ ಲೋಹದ ಭಾಗಕ್ಕೆ ದಾಟಿಸುವ ಲೇಪ.) ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಪ್ರೊಸೆಸರ್ ಎಷ್ಟು ವ್ಯಾಟ್ ವಿದ್ಯುತ್ ಎಳೆಯುತ್ತಿದೆ ಎಂದು ನೋಡಿ ಎಂಬುದೇ ನನ್ನ ಉತ್ತರ.

ಉಷ್ಣತೆಯ ಅಂಕಿಯೊಂದನ್ನೇ ನೋಡಿ ಏನನ್ನೂ ನಿರ್ಧರಿಸಲಾಗದು. ಲ್ಯಾಪ್‌ಟಾಪ್‌ಗಳಲ್ಲಿರುವ ಬಹುಪಾಲು ಇಂಟೆಲ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿ ಕಂಪನಿಯ ಹಲವು ರೈಜೆನ್ ಪ್ರೊಸೆಸರ್‌ಗಳದ್ದು 95 ಅಥವಾ 100. ಆ ಮಿತಿ ಮುಟ್ಟಿದೊಡನೆ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ನಡುನಡುವೆ ತಡವರಿಸುವುದು ಇದರಿಂದಲೇ. ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶವನ್ನು ತೆರೆದಿಟ್ಟು, ಆಟದ ಒಂದೇ ದೃಶ್ಯದಲ್ಲಿ ಕಾಲು ಗಂಟೆ ಆಡಿ, ಸಿಪಿಯು ಪ್ಯಾಕೇಜ್ ಪವರ್ (ಪ್ರೊಸೆಸರ್ ಎಳೆಯುವ ವ್ಯಾಟ್) ಮತ್ತು ಉಷ್ಣತೆ ಎರಡನ್ನೂ ಒಟ್ಟಿಗೆ ಗಮನಿಸಿ. ಮೊದಲು 45 ವ್ಯಾಟ್ ಎಳೆಯುತ್ತಿದ್ದದ್ದು ಈಗ 70 ಎಳೆಯುತ್ತಿದ್ದರೆ ತಂಪಾಗಿಸುವ ವ್ಯವಸ್ಥೆಯಲ್ಲಿ ದೋಷವಿರುವ ಸಂಭವ ಕಡಿಮೆ. ವ್ಯಾಟ್ ಅಷ್ಟೇ ಇದ್ದು ಅಥವಾ ಇಳಿದಿದ್ದೂ ಉಷ್ಣತೆ ಏರಿದ್ದರೆ ಶಾಖ ಹೊರಹೋಗುತ್ತಿಲ್ಲ ಎಂದರ್ಥ. ಹಳೆಯ ಅಂಕಿಗಳು ನಿಮ್ಮ ಬಳಿ ಇಲ್ಲದಿದ್ದರೆ ಯಂತ್ರವನ್ನು ಸುಮ್ಮನೆ ಬಿಟ್ಟು ನೋಡಿ: ಏನೂ ನಡೆಯದಿದ್ದಾಗಲೂ 25, 30 ವ್ಯಾಟ್ ಎಳೆಯುತ್ತಿದ್ದರೆ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಓಡುತ್ತಿದೆ, ಅದನ್ನು ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ.

ವ್ಯಾಟ್ ಏರಿದ್ದರೆ ಇತ್ತೀಚಿನ ಅಪ್‌ಡೇಟ್‌ಗಳನ್ನು ನೆನಪಿಸಿಕೊಳ್ಳಿ. ತಯಾರಕರ ತಂತ್ರಾಂಶ ಸದ್ದಿಲ್ಲದೆ ಪರ್ಫಾರ್ಮೆನ್ಸ್ ಮೋಡ್‌ಗೆ ಹೊರಳಿರಬಹುದು, ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಅಪ್‌ಡೇಟ್ ವಿದ್ಯುತ್ ಮಿತಿಯನ್ನು ಬದಲಿಸಿರಬಹುದು, ಆಟದೊಳಗಿನ ಫ್ರೇಮ್ ಮಿತಿ (ಸೆಕೆಂಡಿಗೆ ಇಷ್ಟೇ ಚಿತ್ರಗಳು ಎಂಬ ಮಿತಿ) ಅಳಿಸಿಹೋಗಿರಬಹುದು. ಫ್ರೇಮ್ ಮಿತಿಯನ್ನು ಪರದೆಯ ರಿಫ್ರೆಶ್ ದರಕ್ಕೆ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕಕ್ಕೆ) ಕಟ್ಟಿಹಾಕುವುದು ಎಲ್ಲಕ್ಕಿಂತ ಸುಲಭದ ಉಪಾಯ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಸ್ಥಿತಿಯನ್ನು ಶೇ 99ಕ್ಕೆ ಇಳಿಸಿದರೆ ಹೆಚ್ಚಿನ ಯಂತ್ರಗಳಲ್ಲಿ ಟರ್ಬೋ ಬೂಸ್ಟ್ (ಪ್ರೊಸೆಸರ್ ತಾತ್ಕಾಲಿಕವಾಗಿ ವೇಗ ಹೆಚ್ಚಿಸಿಕೊಳ್ಳುವುದು) ನಿಂತುಹೋಗಿ ಉಷ್ಣತೆ ಗಣನೀಯವಾಗಿ ಇಳಿಯುತ್ತದೆ. ಗ್ರಾಫಿಕ್ಸ್ ಮೇಲೆಯೇ ಹೆಚ್ಚು ಭಾರ ಹಾಕುವ ಆಟಗಳಲ್ಲಿ ಇದರಿಂದ ಆಗುವ ನಷ್ಟ ಅಲ್ಪವಾದ್ದರಿಂದ, ಇದು ಮಾಡಿ ನೋಡಬೇಕಾದ ಪ್ರಯೋಗ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಖ ಹೊರಹೋಗುತ್ತಿಲ್ಲ ಎಂದಾದರೆ ಉಷ್ಣತೆ ಏರುವ ರೀತಿಯನ್ನು ನೋಡಬೇಕು. ಆಟ ಶುರುವಾದ ಒಂದೆರಡು ಸೆಕೆಂಡಿನಲ್ಲೇ 50ರಿಂದ 95ಕ್ಕೆ ಜಿಗಿದು, ನಿಲ್ಲಿಸಿದೊಡನೆ ಅಷ್ಟೇ ವೇಗವಾಗಿ ಇಳಿದರೆ ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಸಂಪರ್ಕ ಕೆಟ್ಟಿದೆ. ಪದೇ ಪದೇ ಕಾದು ಆರುವಾಗ ಪೇಸ್ಟ್ ಚಿಪ್‌ನ ಅಂಚಿಗೆ ಸರಿದುಹೋಗಿರುತ್ತದೆ. ಲ್ಯಾಪ್‌ಟಾಪ್ ಕೆಳಗೆ ಬಿದ್ದ ಮೇಲೆ ಹೀಗಾಗಿದ್ದರೆ ಹೀಟ್‌ಸಿಂಕ್‌ನ ಸ್ಕ್ರೂ ಸಡಿಲಗೊಂಡಿರಬಹುದು. ಹಾಗಲ್ಲದೆ ಹಲವು ನಿಮಿಷಗಳಲ್ಲಿ ನಿಧಾನವಾಗಿ ಏರಿ, ನಿಧಾನವಾಗಿಯೇ ಇಳಿದರೆ ಗಾಳಿಯ ದಾರಿ ಮುಚ್ಚಿದೆ ಅಥವಾ ಫ್ಯಾನ್ ಕೆಟ್ಟಿದೆ. ಎಲ್ಲ ಕಿಂಡಿಗಳ ಮುಂದೆಯೂ ಕೈ ಹಿಡಿದು, ಯಾವ ಬದಿಯ ಗಾಳಿ ದುರ್ಬಲವಾಗಿದೆ ಎಂದು ಹೋಲಿಸಿ ನೋಡಿ.

ಹೊರಗಿನಿಂದ ಕಿಂಡಿ ಸ್ವಚ್ಛವಾಗಿ ಕಂಡರೆ ನೆಮ್ಮದಿಪಡಬೇಡಿ. ಧೂಳು ಕೂರುವುದು ಫ್ಯಾನ್ ಮತ್ತು ತೆಳು ಲೋಹದ ರೆಕ್ಕೆಗಳ ನಡುವೆ, ಒಳಮುಖದಲ್ಲಿ. ಫ್ಯಾನನ್ನು ಬಿಚ್ಚಿ ತೆಗೆದರೆ ಅಲ್ಲಿ ಕಂಬಳಿಯ ತುಂಡಿನಂಥ ಬೂದು ಪದರವೊಂದು ರೆಕ್ಕೆಗಳಿಗೆ ಉದ್ದಕ್ಕೂ ಅಂಟಿಕೊಂಡಿರುತ್ತದೆ; ಚಿಮುಟದಲ್ಲಿ ಒಂದು ಮೂಲೆ ಹಿಡಿದೆಳೆದರೆ ಎಷ್ಟೋ ಬಾರಿ ಇಡಿಯಾಗಿಯೇ ಕಿತ್ತುಬರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಈ ಪದರ ಸಡಿಲಗೊಂಡು ಮತ್ತೆ ಒಳಗೇ ಉಳಿಯುತ್ತದೆ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಸಂಪರ್ಕ ಬಿಡಿಸಿ. ಬ್ಲೋವರ್ ಬಳಸುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ.

ವಾರಂಟಿ ಉಳಿದಿದ್ದರೆ ಬಿಚ್ಚುವ ಮೊದಲು ಅದರ ಷರತ್ತುಗಳನ್ನು ಓದಿ. ಪೇಸ್ಟ್ ಬದಲು ಲಿಕ್ವಿಡ್ ಮೆಟಲ್ ಹಾಕಿರುವ ಮಾದರಿಯಾದರೆ ದಯವಿಟ್ಟು ಅನುಭವಿಗಳಿಗೇ ಬಿಡಿ: ಅದರ ಮೂಲಕ ವಿದ್ಯುತ್ ಹರಿಯುತ್ತದೆ, ಒಂದು ಹನಿ ಹೊರಚೆಲ್ಲಿದರೂ ಮದರ್‌ಬೋರ್ಡ್ ಸುಟ್ಟುಹೋಗಬಹುದು. ಸಾಮಾನ್ಯ ಪೇಸ್ಟ್ ಬದಲಿಸಿದವರು ಹೀಟ್‌ಸಿಂಕ್‌ನ ಮೇಲೆ ಅಚ್ಚಾಗಿರುವ ಸಂಖ್ಯೆಗಳ ಕ್ರಮದಲ್ಲೇ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿದು, ಅದೇ ದೃಶ್ಯದಲ್ಲಿ ಮತ್ತೆ ಕಾಲು ಗಂಟೆ ಆಡಿ ಅಳೆಯಬೇಕು. ಧೂಳೂ ಹೋಗಿ, ಪೇಸ್ಟೂ ಹೊಸದಾಗಿ, ಫ್ಯಾನ್‌ಗಳೂ ಸರಿಯಾಗಿ ತಿರುಗುತ್ತಿದ್ದು, ಅಷ್ಟೇ ವ್ಯಾಟ್‌ಗೆ ಉಷ್ಣತೆ ಇನ್ನೂ ಇಳಿಯದಿದ್ದರೆ ಶಾಖವನ್ನು ಲೋಹದ ರೆಕ್ಕೆಗಳಿಗೆ ಸಾಗಿಸುವ ಹೀಟ್ ಪೈಪನ್ನೇ ಶಂಕಿಸಬೇಕಾಗುತ್ತದೆ. ಒಳಗಿನ ದ್ರವ ಸೋರಿಹೋದ ಪೈಪನ್ನು ರಿಪೇರಿ ಮಾಡಲಾಗದು. ಆ ಮಾದರಿಯ ಹೀಟ್‌ಸಿಂಕನ್ನು ಇಡಿಯಾಗಿ ತರಿಸಿ ಬದಲಿಸಬೇಕು.