ಪದ್ಮಿನಿಯ ಬಾಡಿ ಕೆಲಸ: ಪುಟ್ಟಿಗಿಂತ ಮೊದಲು ತಗಡು

ಎಂಜಿನ್ ಕೆಲಸ ಮುಗಿದು ಕೊಟ್ಟಿಗೆಯ ಮೂಲೆಯಲ್ಲಿ ಸ್ಟ್ಯಾಂಡಿನ ಮೇಲಿದೆ. ಈಗ ಬಾಡಿಯ ಸರದಿ. ಗಾಡಿ 1983ರ ಪ್ರೀಮಿಯರ್ ಪದ್ಮಿನಿ: 1089 ಸಿಸಿ, ಸ್ಟೇರಿಂಗ್ ಕಂಬದಲ್ಲೇ ಗೇರ್. ದೊಡ್ಡಪ್ಪ ಕೊಂಡಂದಿನಿಂದ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೋಟದ ಮನೆಯನ್ನು ಬಿಟ್ಟು ಹೋಗಿಲ್ಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಇಷ್ಟು ಮಳೆಗಾಲ ಕಳೆದ ತಗಡಿನಲ್ಲಿ ತುಕ್ಕು ಇರುವುದು ಸಹಜ. ಎಲ್ಲಿದೆ, ಯಾಕೆ ಅಲ್ಲೇ ಇದೆ ಎಂಬುದನ್ನು ಪತ್ತೆ ಹಚ್ಚುವುದರಲ್ಲೇ ನವೆಂಬರ್ ಕಳೆಯಿತು. ಆ ಸಮಯ ವ್ಯರ್ಥವಾಗಲಿಲ್ಲ.

ಫಿಯೆಟ್ 1100 ಮೂಲದ ಈ ಕಾರಿಗೆ ಜೀಪಿಗಿರುವಂತೆ ಬೇರೆ ಚಾಸಿ (ಬಾಡಿಯನ್ನು ಹೊರುವ ಚೌಕಟ್ಟು) ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಕಂಬಗಳು ಎಲ್ಲ ಸೇರಿಯೇ ಭಾರ ಹೊರುತ್ತವೆ. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಗಾಡಿಯ ಬೆನ್ನೇ ಬಾಗುತ್ತದೆ. ಬಾಗಿಲು ಹಾಕುವಾಗ ಸ್ವಲ್ಪ ಎತ್ತಿ ಹಾಕಬೇಕಾಗುವ ಹಳೆಯ ಪದ್ಮಿನಿಗಳನ್ನು ಕಂಡರೆ ಕೀಲು ಬದಲಿಸುವ ಮೊದಲು ಈ ಪಟ್ಟಿಯನ್ನು ನೋಡಿ.

ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಇಡೀ ಗಾಡಿಯ ಮೇಲೆ ಆಡಿಸಿದೆ. ಎಡ ಮಡ್‌ಗಾರ್ಡಿನ ಅಂಚಿನಲ್ಲಿ ಅದು ಅಂಟಲೇ ಇಲ್ಲ. ಬಣ್ಣ ಕೆರೆದಾಗ ಬೆರಳು ದಪ್ಪದ ಹಳೆಯ ಪುಟ್ಟಿ, ಅದರ ಹಿಂದೆ ತೂತಿಗೆ ತುರುಕಿದ ಗೋಣಿಚೀಲದ ತುಂಡು ಸಿಕ್ಕಿತು. ಗೋಣಿ ನೀರು ಹೀರಿಕೊಂಡು ಮಳೆಗಾಲವಿಡೀ ಒದ್ದೆಯಾಗಿಯೇ ಇದ್ದು, ಸುತ್ತಲಿನ ಒಳ್ಳೆಯ ತಗಡನ್ನೂ ತಿಂದುಹಾಕಿದೆ. ತೂತು ಮುಚ್ಚಲು ಪುಟ್ಟಿ ಬಳಸಿದ ಈ ಕೆಲಸವನ್ನು ನೋಡಿ ನಿಜಕ್ಕೂ ಸಿಟ್ಟು ಬಂತು. ಒಂದು ಅಂಗೈಯಗಲ ತಗಡು ಹಾಕಿದ್ದರೆ ಮಡ್‌ಗಾರ್ಡ್ ಉಳಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹಾಳಾಗಿದ್ದು ಡಿಕ್ಕಿಯ ನೆಲ. ಮೇಲಿನಿಂದ ಮಳೆ ನೀರು ಬೀಳದ ಜಾಗ ಅದು. ಕಾರಣ ಹುಡುಕುತ್ತ ಹೋದಾಗ ಎರಡು ವಸ್ತುಗಳು ನೆನಪಾದವು: ಪೊಟ್ಯಾಷ್ ಮತ್ತು ಮೈಲುತುತ್ತ (ತಾಮ್ರದ ಸಲ್ಫೇಟ್). ಎರಡೂ ಪ್ರತಿ ವರ್ಷ ಈ ಡಿಕ್ಕಿಯಲ್ಲೇ ತೋಟಕ್ಕೆ ಬರುತ್ತಿದ್ದವು. ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್; ಕಡಲ ತೀರದಲ್ಲಿ ಗಾಡಿಗಳನ್ನು ತಿನ್ನುವ ಉಪ್ಪಿನ ಹತ್ತಿರದ ಬಂಧು. ಮೈಲುತುತ್ತದ ವಿಷಯವನ್ನು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿ ಅದ್ದಿ ನೋಡುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಹಿಡಿದರೆ ಸುಣ್ಣ ಕಡಿಮೆಯಾಗಿದೆ ಎಂದರ್ಥ. ಆ ಕೆಂಪು ತಾಮ್ರದ್ದು. ದ್ರಾವಣದಲ್ಲಿದ್ದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ಕರಗಿ ಅದರ ಜಾಗಕ್ಕೆ ಹೋಗುತ್ತದೆ. ಡಿಕ್ಕಿಯಲ್ಲಿ ಚೆಲ್ಲಿದ ಮೈಲುತುತ್ತದ ಪುಡಿ ಆಷಾಢದ ತೇವಕ್ಕೆ ಕರಗಿ ಮಾಡಿದ್ದೂ ಇದನ್ನೇ. ಮೇಲೆ ಕುಳಿತ ತಾಮ್ರ ಅಷ್ಟಕ್ಕೇ ಸುಮ್ಮನಿರುವುದಿಲ್ಲ. ತೇವ ಇರುವಷ್ಟು ಕಾಲ ಪಕ್ಕದ ಕಬ್ಬಿಣವನ್ನು ಇನ್ನಷ್ಟು ಬೇಗ ತುಕ್ಕು ಹಿಡಿಸುತ್ತದೆ. ತಗಡು ಕೊರೆಯುವ ಮೊದಲು ಇಡೀ ಡಿಕ್ಕಿಯನ್ನು ಮತ್ತೆ ಮತ್ತೆ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಉಪ್ಪಿನಂಶ ಉಳಿದರೆ ಅದರ ಮೇಲೆ ಎಂಥ ಪ್ರೈಮರ್ ಹೊಡೆದರೂ ಅಡಿಯಿಂದ ಗುಳ್ಳೆ ಏಳುತ್ತದೆ.

ಡಿಸೆಂಬರ್‌ನಲ್ಲಿ ವೆಲ್ಡಿಂಗ್. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡನ್ನೂ ಕಳಚಿ ದೂರವಿಟ್ಟ ಮೇಲೆ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಬಹುಕಾಲ ಟಿಂಕರ್ ಕೆಲಸ ಮಾಡಿದ ಹಿರಿಯರೊಬ್ಬರು ಬಂದರು. ಪಟ್ಟಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ, ಸದ್ದು ಮಂಕಾದಲ್ಲೆಲ್ಲ ಸೀಮೆಸುಣ್ಣದ ಗೆರೆ ಎಳೆದರು. “ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಬೇಕು ಸ್ವಾಮಿ. ಕೊಳೆತದ್ದಕ್ಕೆ ಬೆಸುಗೆ ನಿಲ್ಲುವುದಿಲ್ಲ” ಎಂದರು. ನೆಲಕ್ಕೆ 20 ಗೇಜ್, ಪಟ್ಟಿಗೆ ಅದಕ್ಕಿಂತ ದಪ್ಪದ 18 ಗೇಜ್ ಶೀಟ್ ಹಾಕಿದೆವು. ಗ್ಯಾಸ್ ವೆಲ್ಡಿಂಗಿನ ಕಾವಿಗೆ ಅಗಲವಾದ ತಗಡು ಸೊಟ್ಟಗಾಗುತ್ತದೆ, ಹಾಗಾಗಿ ಸಿಒಟು ವೆಲ್ಡಿಂಗ್ (ಇಂಗಾಲದ ಡೈಆಕ್ಸೈಡ್ ಅನಿಲದ ಮರೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ). ಒಂದೇ ಕಡೆ ಎಳೆದುಕೊಂಡು ಹೋಗದೆ, ಇಲ್ಲೊಂದು ಚುಕ್ಕೆ, ಎದುರು ತುದಿಯಲ್ಲೊಂದು ಚುಕ್ಕೆ ಎಂದು ಆರಲು ಬಿಟ್ಟು ಬಿಟ್ಟು ಮಾಡಿದರು. ಅವರ ತಾಳ್ಮೆಯನ್ನು ಪಕ್ಕದಲ್ಲಿ ಕುಳಿತು ನೋಡುವುದೇ ಒಂದು ಪಾಠ.

ಬಾಗಿಲುಗಳ ತಳದಲ್ಲಿ ನೀರು ಇಳಿಯಲೆಂದೇ ತೂತುಗಳಿರುತ್ತವೆ. ನಮ್ಮ ಗಾಡಿಯಲ್ಲಿ ಒಂದೂ ತೆರೆದಿರಲಿಲ್ಲ. ಕೆಮ್ಮಣ್ಣು, ಎಲೆಪುಡಿ ಸೇರಿ ಗಟ್ಟಿ ಮುಚ್ಚಳವಾಗಿತ್ತು. ಗಾಜಿನ ಪಕ್ಕದಿಂದ ಇಳಿದ ನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಹೊರಕ್ಕೆ ಕೊಳೆತಿದೆ. ತಂತಿಯಿಂದ ಎಲ್ಲವನ್ನೂ ಬಿಡಿಸಿದೆ. ಇಡೀ ಕೆಲಸದಲ್ಲಿ ಒಂದು ಪೈಸೆಯೂ ಖರ್ಚಾಗದ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಭಾಗ ಇದೆಂದು ನನ್ನ ಅಭಿಪ್ರಾಯ.

ತಗಡು ಗಟ್ಟಿಯಿದ್ದು ಮೇಲ್ಮೈಯಲ್ಲಿ ಮಾತ್ರ ಗುಳಿ ಬಿದ್ದಲ್ಲಿ ವೈರ್ ಬ್ರಷ್‌ನಿಂದ ಉಜ್ಜಿ, ಗುಳಿಯ ತಳದಲ್ಲಿ ಉಳಿದ ತುಕ್ಕಿಗೆ ಟ್ಯಾನಿನ್ (ಅಡಿಕೆ, ಅಳಲೆಕಾಯಿಯಲ್ಲಿರುವ ಒಗರು ಅಂಶ) ಇರುವ ತುಕ್ಕು ಪರಿವರ್ತಕ ಹಚ್ಚಿದೆ. ಕಂದು ತುಕ್ಕು ನೋಡುತ್ತಿದ್ದಂತೆಯೇ ನೀಲಿಗಪ್ಪಾಗುತ್ತದೆ. ಹಸಿ ಅಡಿಕೆ ಸುಲಿಯುವ ಮೆಟ್ಟುಕತ್ತಿ ಕಪ್ಪಾಗುವುದೂ, ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದೇ ರಸಾಯನದಿಂದ.

ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ. ಬರಿಯ ತಗಡಿನ ಮೇಲೆ ಪುಟ್ಟಿ ಹಾಕುವವರೂ ಇದ್ದಾರೆ, ಆದರೆ ನಮ್ಮ ಹವೆಗೆ ನನಗೆ ಈ ಕ್ರಮವೇ ಸರಿ ಎನಿಸುತ್ತದೆ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡ್‌ನರ್. ಚಳಿಯ ಬೆಳಿಗ್ಗೆ ಬೇಗ ಗಟ್ಟಿಯಾಗದು. ಹಾಗೆಂದು ಹಾರ್ಡ್‌ನರ್ ಹೆಚ್ಚಿಸಿದರೆ ಮುಂದೆ ಬಣ್ಣದ ಮೇಲೆ ಕಲೆ ಮೂಡುತ್ತದೆ. ಮಧ್ಯಾಹ್ನದವರೆಗೆ ಕಾಯುವುದೇ ಮೇಲು. ಟಿಂಕರಿಂಗ್ ಸರಿಯಾಗಿದ್ದುದರಿಂದ ಎಲ್ಲೂ 3 ಮಿ.ಮೀ. ದಾಟಲಿಲ್ಲ. ಪುಟ್ಟಿ ನೀರು ಹೀರುವುದರಿಂದ ಒಣ ಎಮರಿಯಲ್ಲೇ ಉಜ್ಜಿದೆ: ಉದ್ದನೆಯ ಮರದ ಪಟ್ಟಿಗೆ ಸುತ್ತಿ ಮೊದಲು ಒರಟಾದ 80 ನಂಬರ್, ಆಮೇಲೆ 180, ಕೊನೆಗೆ ನಯವಾದ 320. ನಡುವೆ ತೆಳುವಾಗಿ ಕಪ್ಪು ಬಣ್ಣ ಸಿಂಪಡಿಸಿಕೊಂಡರೆ ತಗ್ಗಿನಲ್ಲಿ ಕಪ್ಪು ಉಳಿದು ಎಲ್ಲಿ ಇನ್ನೂ ಸಮವಾಗಿಲ್ಲ ಎಂಬುದು ಕಾಣುತ್ತದೆ.

ಮೂಲ ಬಣ್ಣ ತಿಳಿ ನೀಲಿ. ಹೊರಗಿನದು ಬಿಸಿಲಿಗೆ ಮಾಸಿದ್ದರಿಂದ ಡ್ಯಾಶ್‌ಬೋರ್ಡಿನ ಮರೆಯಲ್ಲಿದ್ದ ಭಾಗವನ್ನು ತೋರಿಸಿ ಶಿವಮೊಗ್ಗದಲ್ಲಿ ಬೆರೆಸಿಸಿದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಆರಿಸಿಕೊಂಡೆ. ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಬಾಳುತ್ತದೆ, ಆದರೆ ಅದರ ಹಾರ್ಡ್‌ನರಿನ ಐಸೊಸಯನೇಟ್ ಶ್ವಾಸಕೋಶಕ್ಕೆ ಅಪಾಯ. ಹೊರಗಿನ ಗಾಳಿ ಕೊಡುವ ಮುಖವಾಡವಿಲ್ಲದೆ ಕೊಟ್ಟಿಗೆಯಲ್ಲಿ ಹೊಡೆಯಬಾರದು. ಎನ್‌ಸಿಯ ಶತ್ರು ತೇವ. ಥಿನ್ನರ್ ಆವಿಯಾಗುವಾಗ ತಗಡು ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಜುಗಟ್ಟುತ್ತದೆ. ಹಾಗಾಗಿ ಜನವರಿಯಲ್ಲಿ, ಇಬ್ಬನಿ ಪೂರ್ತಿ ಆರಿದ ಮೇಲಷ್ಟೇ ಗನ್ ಹಿಡಿದದ್ದು. ಅಡಿಕೆ ಬೇಯಿಸುವ ಒಲೆಯ ಬೂದಿ ಹಾರಿ ಬರುತ್ತದೆಂದು ಒಲೆ ಉರಿಸದ ದಿನಗಳನ್ನೇ ಆರಿಸಬೇಕಾಯಿತು. ಸುಗ್ಗಿಯ ನಡುವೆ ಮನೆಯವರು ಅದಕ್ಕೆ ಒಪ್ಪಿದ್ದು ದೊಡ್ಡ ಉಪಕಾರ.

ಈಗ ಡಿಕ್ಕಿ, ಎಡಭಾಗ, ಬಾನೆಟ್ ಮುಗಿದಿವೆ. ಬಲಭಾಗದ ಎರಡು ಬಾಗಿಲುಗಳು ಪ್ರೈಮರ್‌ನಲ್ಲಿವೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ತೆಗೆದು ಕೆಳಗಿನ ಮೂಲೆಗಳನ್ನು ನೋಡುವುದು ಬಾಕಿ. ಮುಂಗಾರಿಗೆ ಮೊದಲು ಪಟ್ಟಿಗಳ ಒಳಕ್ಕೆ ತುಕ್ಕು ತಡೆಯುವ ಮೇಣ ಸಿಂಪಡಿಸಬೇಕು. ಡಿಕ್ಕಿಗೆ ಅಳತೆಯ ಪ್ಲಾಸ್ಟಿಕ್ ತಟ್ಟೆಯೊಂದನ್ನು ಹೇಳಿದ್ದೇನೆ. ಮೈಲುತುತ್ತ ಇನ್ನು ಜೀಪಿನಲ್ಲೇ ಬರುತ್ತದೆ.