ಗುಂಡನ ಕಾರ್ಡಿನಲ್ಲಿ ಇಲ್ಲದಿದ್ದ ಸಾಲು

ಗುಂಡ ನಮ್ಮ ಕ್ಲಿನಿಕ್ಕಿಗೆ ಬಂದಿದ್ದು ಕಿವಿ ತುರಿಕೆಗೆ. ಆರು ವರ್ಷದ ಲ್ಯಾಬ್ರಡಾರ್, ಹೆಸರಿಗೆ ತಕ್ಕ ಮೈ. ಕಿವಿ ತೊಳೆದು ಔಷಧ ಬಿಟ್ಟಮೇಲೆ, ಹೇಗೂ ಬಂದಿದ್ದಾನಲ್ಲ ಅಂತ ಮುಂಗಾಲಿನಿಂದ ಸ್ವಲ್ಪ ರಕ್ತ ತೆಗೆದೆ. ಹೊಸದಾಗಿ ತರಿಸಿದ್ದ ಹಾರ್ಟ್‌ವರ್ಮ್ ಕಿಟ್ ಮೇಜಿನ ಮೇಲೆಯೇ ಇತ್ತು, ಅದಕ್ಕೂ ಒಂದಿಷ್ಟು ಹಾಕಿದೆ. ಸ್ವಲ್ಪ ಹೊತ್ತಿಗೆ ಎರಡನೇ ಗೆರೆ ಮೂಡಿತು. ಕಣ್ಣು ಕಿರಿದು ಮಾಡಿ ಹುಡುಕಬೇಕಾದ ಗೆರೆಯಲ್ಲ, ಪೆನ್ನಿನಲ್ಲಿ ಎಳೆದ ಹಾಗಿತ್ತು.

“ಅಮ್ಮಾ, ಇವನ ಹೃದಯದಲ್ಲಿ ಹುಳ ಇದೆ ಅಂತ ತೋರಿಸ್ತಿದೆ” ಎಂದೆ.

ಆ ವಿಷಯವನ್ನು ಇದಕ್ಕಿಂತ ಕೆಟ್ಟದಾಗಿ ಹೇಳೋದು ಕಷ್ಟ. ಆದರೆ ಆವತ್ತು ನನಗೆ ಅದು ಹೊಳೆಯಲಿಲ್ಲ. ಅವರು ಗುಂಡನ ಬೆಲ್ಟನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡರು. ಆಮೇಲೆ ಕೇಳಿದರು, “ಹುಳದ ಮಾತ್ರೆ ಮೂರು ತಿಂಗಳಿಗೊಂದು ಸಲ ತಪ್ಪದೆ ಹಾಕ್ತೀನಲ್ಲ ಡಾಕ್ಟ್ರೇ? ನೀವೇ ಬರ್ಕೊಟ್ಟಿದ್ದು.”

ಇದು ಹೊಸ ಪ್ರಶ್ನೆಯಲ್ಲ. ಹುಳ ಅಂದಕೂಡಲೇ ಎಲ್ಲರಿಗೂ ಮೊದಲು ನೆನಪಾಗುವುದು ಜಂತುಹುಳ. ಆ ಮಾತ್ರೆ ಕರುಳಿನ ಹುಳಕ್ಕೆ, ಇದು ರಕ್ತನಾಳದ ಹುಳ. ಇದು ಹೊಲಸು ತಿಂದು ಬರುವುದಲ್ಲ, ಸೊಳ್ಳೆ ಕಚ್ಚಿ ಬರುವುದು. ರೋಗವಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯೊಳಗೆ ಮರಿಹುಳ ಬೆಳೆಯುತ್ತದೆ, ಬೆಚ್ಚಗಿನ ಹವೆಯಿದ್ದರೆ ಎರಡು ವಾರ ಸಾಕು. ಆ ಸೊಳ್ಳೆ ಇನ್ನೊಂದು ನಾಯಿಯನ್ನು ಕಚ್ಚಿದಾಗ ಮರಿ ಚರ್ಮದೊಳಗೆ ಇಳಿದು, 6–7 ತಿಂಗಳಲ್ಲಿ ಬಲಿತು, ತಾನೂ ಮರಿ ಹಾಕತೊಡಗುತ್ತದೆ. ಹೆಣ್ಣು ಹುಳ 25–30 ಸೆಂಟಿಮೀಟರ್ ಉದ್ದ, ಬೇಯಿಸಿದ ಶಾವಿಗೆ ಎಳೆಯ ಹಾಗೆ. ನಾಯಿಯ ಮೈಯಲ್ಲಿ 5ರಿಂದ 7 ವರ್ಷ ಬದುಕುತ್ತದೆ. ಹೆಸರು ಹಾರ್ಟ್‌ವರ್ಮ್ ಆದರೂ ಅದರ ವಾಸ ಹೆಚ್ಚಾಗಿ ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ನಾಳಗಳಲ್ಲಿ. ಅಲ್ಲಿ ಜಾಗ ಸಾಲದಾದಾಗ ಹೃದಯದ ಬಲಭಾಗಕ್ಕೆ ಬರುತ್ತದೆ.

ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಸಾಲದೆಂಬಂತೆ ಒಂದು ಹನಿ ರಕ್ತವನ್ನು ಸ್ಲೈಡಿಗೆ ಹಾಕಿ “ಬನ್ನಿ, ನೋಡಿ” ಎಂದು ಸೂಕ್ಷ್ಮದರ್ಶಕದ ಹತ್ತಿರ ಕರೆದೆ. ನನಗೆ ಅದನ್ನು ನೋಡುವುದು ಅಭ್ಯಾಸ. ಕೆಂಪು ರಕ್ತಕಣಗಳು ಚೆಲ್ಲಿದ ಬಿಲ್ಲೆಗಳ ಹಾಗೆ ಹರಡಿರುತ್ತವೆ, ಅವುಗಳ ನಡುವೆ ಮರಿಹುಳ. ಮಿಲಿಮೀಟರಿನ ಮೂರನೇ ಒಂದು ಭಾಗವೂ ಇರಲಾರದು. ಆದರೆ ಇದ್ದಲ್ಲೇ ಹೊರಳುತ್ತ ಸುತ್ತಲಿನ ಕಣಗಳನ್ನೆಲ್ಲ ಅತ್ತಿತ್ತ ತಳ್ಳುತ್ತಿರುತ್ತದೆ. ಎಷ್ಟೋ ಸಲ ಮೊದಲು ಕಣ್ಣಿಗೆ ಬೀಳುವುದು ಹುಳವಲ್ಲ, ಆ ನೂಕಾಟ. ಅವರು ಒಂದು ಕ್ಷಣ ಬಗ್ಗಿ ನೋಡಿ ಹಿಂದೆ ಸರಿದರು. ಕಣ್ಣು ಮುಚ್ಚಿದರೆ ಅದೇ ಕಾಣುತ್ತಿತ್ತು, ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ ಅಂತ ಎಷ್ಟೋ ದಿನ ಆದಮೇಲೆ ಹೇಳಿದರು. ಈಗ ನಾನು ಕೇಳದೆ ಯಾರಿಗೂ ತೋರಿಸುವುದಿಲ್ಲ. ಕೆಲವರಿಗೆ ನೋಡಿದರೆ ಧೈರ್ಯ ಬರುತ್ತದೆ, ಅದೂ ನಿಜ. ಆದರೆ ಯಾರಿಗೆ ಅನ್ನುವುದನ್ನು ಮುಖ ನೋಡಿ ನಾನು ಊಹಿಸುವ ಹಾಗಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆಗಾಗಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

“ಬರದ ಹಾಗೆ ತಡೆಯೋಕೆ ಏನೂ ಇರ್ಲಿಲ್ವಾ?”

“ಇದೆ. ತಿಂಗಳಿಗೊಂದು ಮಾತ್ರೆ.”

“ಹಾಗಾದ್ರೆ ನನ್ನದೇ ತಪ್ಪು.”

ಗುಂಡನ ಲಸಿಕೆ ಕಾರ್ಡು ಆಗ ನನ್ನ ಕೈಯಲ್ಲೇ ಇತ್ತು. ಕ್ಲಿನಿಕ್ಕೇ ಅಚ್ಚು ಹಾಕಿಸಿದ ಕಾರ್ಡು. ರೇಬಿಸ್‌ಗೊಂದು ಕಾಲಂ, ಡಿಸ್ಟೆಂಪರ್–ಪಾರ್ವೋಗೆ ಒಂದು, ಜಂತುಹುಳಕ್ಕೆ ಒಂದು. ಅಷ್ಟೇ. ಹಾರ್ಟ್‌ವರ್ಮ್ ತಡೆಯುವ ಔಷಧಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಆರು ವರ್ಷ ಪ್ರತಿ ಲಸಿಕೆಗೂ ಹೇಳಿದ ದಿನಕ್ಕೇ ಬಂದವರು ಅವರು. ನಾವು ಹೇಳಿದ್ದರೆ ಖಂಡಿತ ಕೊಡುತ್ತಿದ್ದರು. ಹೇಳಿರಲಿಲ್ಲ. ಅದು ನನಗೆ ಆ ಕ್ಷಣವೇ ಗೊತ್ತಾಯಿತು. “ಎಕ್ಸ್‌ರೇ ತೆಗೆಯೋಣ ಬನ್ನಿ” ಎಂದು ಕಾರ್ಡನ್ನು ಮಡಚಿ ವಾಪಸು ಕೊಟ್ಟೆ.

ಎಕ್ಸ್‌ರೇಯಲ್ಲಿ ಶ್ವಾಸಕೋಶದ ನಾಳಗಳು ಊದಿಕೊಂಡಿದ್ದವು. ವಿಚಾರಿಸಿದರೆ ಬೆಳಿಗ್ಗೆ ಎದ್ದಾಗ ಕೆಮ್ಮು ಮೊದಲಿನಿಂದಲೂ ಇತ್ತಂತೆ, ಗಂಟಲಲ್ಲಿ ಏನೋ ಸಿಕ್ಕಿರಬೇಕು ಅಂದುಕೊಂಡಿದ್ದರಂತೆ. ಇನ್ನೂ ಕೈಮೀರದ ಹಂತ. ಚಿಕಿತ್ಸೆಯ ಲೆಕ್ಕ ಹೇಳಿದೆ: 28 ದಿನ ಡಾಕ್ಸಿಸೈಕ್ಲಿನ್, ಜೊತೆಗೆ ತಿಂಗಳ ಮಾತ್ರೆ, 60ನೇ ದಿನ ಮೊದಲ ಇಂಜೆಕ್ಷನ್, 90ಕ್ಕೆ ಎರಡನೆಯದು, 91ಕ್ಕೆ ಮೂರನೆಯದು.

ಇಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಹುಳ ಇದೆ ಅಂತೀರಿ, ಕೊಲ್ಲೋ ಔಷಧ ಎರಡು ತಿಂಗಳು ಬಿಟ್ಟು ಅಂತೀರಿ, ಅಲ್ಲಿವರೆಗೆ ಕೈಕಟ್ಟಿ ಕೂರಬೇಕಾ ಅಂತ. ಆ ಎರಡು ತಿಂಗಳು ಸುಮ್ಮನೆ ಕಳೆಯುವ ಕಾಲವಲ್ಲ. ಹುಳದ ಮೈಯೊಳಗೆ ವೋಲ್ಬೇಕಿಯಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ, ಅದಿಲ್ಲದೆ ಹುಳ ಸೊರಗುತ್ತದೆ. ಡಾಕ್ಸಿಸೈಕ್ಲಿನ್ ಕೊಲ್ಲುವುದು ಅದನ್ನು. ಮೊದಲೇ ಸೊರಗಿದ ಹುಳ ಸತ್ತರೆ ಶ್ವಾಸಕೋಶದಲ್ಲಿ ಎಬ್ಬಿಸುವ ಉರಿಯೂತವೂ ಕಡಿಮೆ. ಇನ್ನೊಂದು ಕಾರಣ ವಯಸ್ಸಿನದು. ತಿಂಗಳ ಮಾತ್ರೆಗೆ ಬಗ್ಗುವುದು ಮೈಗೆ ಹೊಕ್ಕು ಎರಡು ತಿಂಗಳೊಳಗಿನ ಮರಿಗಳು, ಇಂಜೆಕ್ಷನ್‌ಗೆ ಬಗ್ಗುವುದು ಬಲಿತವು. ನಡುವಿನ ಪ್ರಾಯದವು ಎರಡರಿಂದಲೂ ನುಣುಚಿಕೊಳ್ಳುತ್ತವೆ. ಅವು ಬಲಿಯಲಿ, ಹೊಸವು ಸೇರದಿರಲಿ ಅಂತ ಕಾಯುವುದು. ಹೀಗೆ ಬಿಡಿಸಿ ಹೇಳಿದರೆ ಸಿಟ್ಟು ಮಾಡಿಕೊಂಡವರೂ ತಣ್ಣಗಾಗುತ್ತಾರೆ. ನಾನು ಗುಂಡನ ಮನೆಯವರಿಗೆ ಹೇಳಿದ್ದು “ಪ್ರೋಟೋಕಾಲ್ ಹಾಗಿದೆ ಅಮ್ಮ” ಅಂತ.

ಇಂಜೆಕ್ಷನ್ ಹೆಸರು ಮೆಲಾರ್ಸೊಮಿನ್, ಆರ್ಸೆನಿಕ್ ಮೂಲದ್ದು. ಅವರ ಮಗ ಫೋನಿನಲ್ಲಿ ಹುಡುಕಿ “ಇದು ಪಾಷಾಣ ಅಂತಿದೆಯಲ್ಲ” ಎಂದಾಗ ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಸೊಂಟದ ಬಳಿ ಬೆನ್ನುಮೂಳೆಯ ಪಕ್ಕದ ದಪ್ಪ ಸ್ನಾಯುವಿಗೆ ಆಳವಾಗಿ ಕೊಡುವ ಸೂಜಿ ಅದು. ಕೊಟ್ಟ ಜಾಗ ಕೆಲವು ದಿನ ನೋಯುತ್ತದೆ, ಬಾಯಲ್ಲಿ ಜೊಲ್ಲು, ಊಟ ಬೇಡ ಅನ್ನುವುದು ಇರುತ್ತದೆ. ಗುಂಡ ಕುಂಯ್ ಅಂದ, ಒಮ್ಮೆ ತಿರುಗಿ ನನ್ನ ಮಣಿಕಟ್ಟಿಗೆ ಮೂತಿ ಒತ್ತಿದ, ಕಚ್ಚಲಿಲ್ಲ.

“ನಾಲ್ಕು ವಾರ ರೆಸ್ಟ್ ಕೊಡಿ” ಎಂದು ಚೀಟಿ ಬರೆದುಕೊಟ್ಟೆ.

ಒಂಬತ್ತನೇ ದಿನ ರಾತ್ರಿ ಫೋನು ಬಂತು. ಕೆಮ್ಮು ನಿಲ್ಲುತ್ತಿಲ್ಲ, ಬಾಯಲ್ಲಿ ಗುಲಾಬಿ ಬಣ್ಣದ ನೊರೆ. ಬಾಗಿಲು ತೆರೆಯುವಷ್ಟರಲ್ಲಿ ಮಗ ಅವನನ್ನು ಹೊತ್ತುಕೊಂಡು ನಿಂತಿದ್ದ. ನಾಲಿಗೆ ಬೂದು, ಒಸಡು ಬೂದು, ಉಸಿರು ಎಣಿಸಲಾಗದಷ್ಟು ವೇಗ. ಆಕ್ಸಿಜನ್, ಸ್ಟೆರಾಯ್ಡ್, ಬೋನಿನಲ್ಲಿ ಅಲುಗಾಡದ ಹಾಗೆ ಮೂರು ದಿನ.

ಆಗಿದ್ದು ಇಷ್ಟೇ. ಸೂಜಿ ಕೊಟ್ಟಮೇಲೆ ಹುಳ ಮಾಯವಾಗುವುದಿಲ್ಲ. ಸತ್ತು ತುಂಡಾಗಿ ರಕ್ತದ ಜೊತೆ ಶ್ವಾಸಕೋಶದ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ದೇಹ ಅದನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ, ವಾರಗಟ್ಟಲೆ. ಆ ಹೊತ್ತಿಗೆ ನಾಯಿ ಓಡಿದರೆ ರಕ್ತದ ರಭಸ ಏರುತ್ತದೆ, ಕಟ್ಟಿಕೊಂಡ ನಾಳದ ಮೇಲೆ ಅದರ ಭಾರವೆಲ್ಲ ಬೀಳುತ್ತದೆ. ಇಂಜೆಕ್ಷನ್ ಆದ 7ರಿಂದ 10ನೇ ದಿನ ಅಪಾಯ ಹೆಚ್ಚು, ನಾಲ್ಕು ವಾರದವರೆಗೂ ನಂಬುವ ಹಾಗಿಲ್ಲ. ಮೋಸದ ವಿಷಯ ಏನೆಂದರೆ, ಅಷ್ಟರಲ್ಲಿ ಸೂಜಿಯ ನೋವು ಇಳಿದು ನಾಯಿ ಗೆಲುವಾಗಿರುತ್ತದೆ. ಬಾಲ ಅಲ್ಲಾಡಿಸುತ್ತದೆ, ಚೆಂಡು ತಂದು ಮುಂದೆ ಇಡುತ್ತದೆ. ಮನೆಯವರ ಮನಸ್ಸು ಹಗುರಾಗುವುದೂ ಆಗಲೇ.

“ಎಂಟು ದಿನ ಮಲಗೇ ಇದ್ದ ಡಾಕ್ಟ್ರೇ” ಎಂದರು. “ಗೇಟ್ ಸದ್ದಾಯ್ತು, ಒಂದೇ ಒಂದು ಸಲ ಓಡಿದ. ಅಂಗಳದಲ್ಲಿ ಎರಡು ಸುತ್ತು. ಎಷ್ಟು ಖುಷಿಯಾಗಿದ್ದ ಅಂದ್ರೆ, ನಾವೇ ನಿಂತು ನೋಡಿದ್ವಿ.”

ಒಂದು ಸಲವೂ ಓಡಬಾರದು ಅಂತ ನನ್ನ ಚೀಟಿಯಲ್ಲಿ ಎಲ್ಲಿತ್ತು? ರೆಸ್ಟ್ ಅಂದರೆ ಅವರಿಗೆ ಜ್ವರ ಬಂದವರು ಮಲಗುವ ಹಾಗೆ: ಸುಸ್ತಾದರೆ ಮಲಗು, ಗೆಲುವಾದರೆ ಏಳು. ನನ್ನ ತಲೆಯಲ್ಲಿದ್ದದ್ದು ಬೇರೆಯೇ.

ಅಂದಿನಿಂದ ಆ ಪದವನ್ನೇ ಬಿಟ್ಟಿದ್ದೇನೆ. ಈಗ ಮನೆಯ ಒಂದು ದಿನವನ್ನು ಬೆಳಿಗ್ಗೆಯಿಂದ ಹೇಳಿಸುತ್ತೇನೆ. ಬೆಲ್ ಆದರೆ ಏನು ಮಾಡ್ತಾನೆ? ಯಾವ ಕಿಟಕಿಯಲ್ಲಿ ನಿಂತು ಬೊಗಳ್ತಾನೆ? ಮಲಗೋದು ಮಂಚದ ಮೇಲೋ ಕೆಳಗೋ? ಮೆಟ್ಟಿಲು ಇದೆಯಾ? ಇನ್ನೊಂದು ನಾಯಿ? ಸಂಜೆ ಯಾರು ಬಂದರೆ ಹುಚ್ಚೆದ್ದು ಕುಣೀತಾನೆ? ಆ ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಮನೆಯವರು ನಗುತ್ತಾರೆ, ಒಬ್ಬರ ಕಡೆ ಬೆರಳು ತೋರಿಸುತ್ತಾರೆ. ಆ ಒಬ್ಬರ ಹತ್ತಿರ ಮಾತಾಡುತ್ತೇನೆ. ಒಳಗೆ ಬರುವಾಗ ಕರೆಯಬೇಡಿ, ಅವನ ಕಡೆ ನೋಡಲೂ ಬೇಡಿ, ಕೂತು ಐದು ನಿಮಿಷ ಆದಮೇಲೆ ಮುಟ್ಟಿ. ಕ್ರೂರ ಅನಿಸುತ್ತದೆ, ಹೌದು. ಮನೆಯೊಳಗೂ ಬೆಲ್ಟ್ ಇರಲಿ, ಮಲಮೂತ್ರಕ್ಕೆ ಹೊರಗೆ ಹೋದರೆ ಬೆಲ್ಟಿನಲ್ಲೇ ಹೋಗಿ ಬರಲಿ. ಕಿಟಕಿಗೆ ಪರದೆ, ಮಂಚಕ್ಕೆ ಅಡ್ಡ. ಬೇಸರ ಕಳೆಯಲು ಅವನ ಊಟವನ್ನೇ ಹಳೇ ಟವೆಲ್ಲಿನ ಮಡಿಕೆಗಳಲ್ಲಿ ಬಚ್ಚಿಡಿ, ಮೂಗಿಗೆ ಕೆಲಸ ಸಿಕ್ಕರೆ ಕಾಲು ಸುಮ್ಮನಿರುತ್ತದೆ. ಅಷ್ಟಕ್ಕೂ ತಡೆಯಲಾಗದಿದ್ದರೆ ಶಾಂತವಾಗಿಡುವ ಮಾತ್ರೆಗಳಿವೆ, ಕೇಳಲು ಸಂಕೋಚ ಬೇಡ. ಇದು ಮೊದಲ ಸೂಜಿಯಿಂದಲ್ಲ, ರೋಗ ಗೊತ್ತಾದ ದಿನದಿಂದಲೇ ಶುರುವಾಗಿ ಕೊನೆಯ ಸೂಜಿಯಾದ 6–8 ವಾರದವರೆಗೆ. ಒಟ್ಟು ಸೇರಿಸಿದರೆ ಐದು ತಿಂಗಳ ಹತ್ತಿರ. ಆ ಲೆಕ್ಕವನ್ನು ಮೊದಲ ದಿನ ಹೇಳುವುದಿಲ್ಲ, ಎರಡನೇ ಭೇಟಿಗೆ ಹೇಳುತ್ತೇನೆ. ಮೊದಲ ದಿನ ಕಿವಿಗೆ ಬೀಳುವುದು “ಹೃದಯ” ಅನ್ನುವ ಪದ ಒಂದೇ. ಹಾಗಾಗಿ ಅವತ್ತಿಗೆ ಮೂರೇ ಮಾತು: ಇದಕ್ಕೆ ಚಿಕಿತ್ಸೆ ಇದೆ, ಇವತ್ತಿಂದ ಓಡಿಸಬೇಡಿ, ನಾಡಿದ್ದು ಬನ್ನಿ.

ಎಲ್ಲ ನಾಯಿಗೂ ಇಷ್ಟು ಸಮಯ ಸಿಗುವುದಿಲ್ಲ ಅನ್ನುವುದೂ ಗೊತ್ತಿರಲಿ. ಹುಳ ಹೃದಯದ ಬಲಭಾಗವನ್ನೇ ತುಂಬಿ, ಮೂತ್ರ ಕಡು ಕಂದಾಗಿ, ಕುಸಿದು ಬಿದ್ದ ಮೇಲೆ ಬಂದರೆ ಕುತ್ತಿಗೆಯ ರಕ್ತನಾಳದಿಂದ ಉಪಕರಣ ಇಳಿಸಿ ಹುಳ ಎಳೆದು ತೆಗೆಯಬೇಕು. ಅದಾದರೂ ಉಳಿಯುವ ಖಾತ್ರಿಯಿಲ್ಲ. ಮೆಲಾರ್ಸೊಮಿನ್ ಸಿಗದ ಕಡೆ ಡಾಕ್ಸಿಸೈಕ್ಲಿನ್ ಜೊತೆ ತಿಂಗಳ ಔಷಧವನ್ನೇ ಮುಂದುವರಿಸುವ ನಿಧಾನದ ದಾರಿ ಇದೆ. ಹುಳ ಹೋಗಲು ಎಷ್ಟೋ ತಿಂಗಳು ಬೇಕು, ಅಷ್ಟೂ ದಿನ ಇದೇ ಕಟ್ಟುಪಾಡು.

ಮಕ್ಕಳು ನಾಯಿಯನ್ನು ಅಪ್ಪಿಕೊಳ್ಳಬಹುದಾ ಅಂತ ಕೇಳದವರಿಲ್ಲ. ಅಪ್ಪಿಕೊಳ್ಳಬಹುದು. ಮುಟ್ಟಿದರೆ, ನೆಕ್ಕಿದರೆ ಬರುವುದಲ್ಲ.

ಗುಂಡ ಚೇತರಿಸಿಕೊಂಡ. ಉಳಿದೆರಡು ಸೂಜಿಗಳನ್ನು ಮುಂದೂಡಿ, ಉಸಿರು ಪೂರ್ತಿ ಸರಿಯಾದ ಮೇಲೆ ಕೊಟ್ಟೆವು. ಈ ಸಲ 5ನೇ ದಿನದಿಂದ ದಿನಾ ಸಂಜೆ ನಾನೇ ಫೋನು ಮಾಡಿದೆ. ಅವರು ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದರು. ನಿದ್ದೆಯಲ್ಲಿದ್ದಾಗ ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಿ ಬರೆದಿಡುತ್ತಿದ್ದರು, “ಇವತ್ತು 22” ಎಂದು ನಾನು ಕೇಳುವ ಮೊದಲೇ ಹೇಳುತ್ತಿದ್ದರು. ಮಲಗಿದಾಗ 30 ದಾಟಿದರೆ ಹೊತ್ತು ನೋಡದೆ ಕರೆ ಮಾಡಿ ಅಂದಿದ್ದೆ. ದಾಟಲಿಲ್ಲ.

ಕೊನೆಯ ಸೂಜಿಯಾದ 9 ತಿಂಗಳಿಗೆ ಮತ್ತೆ ಕಿಟ್. ಅದಕ್ಕಿಂತ ಮೊದಲು ನೋಡಿದರೆ ಉತ್ತರ ನಂಬುವ ಹಾಗಿರುವುದಿಲ್ಲ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಒಂದೇ ಗೆರೆ. ಖಾತ್ರಿಗೆ ಸ್ಲೈಡ್ ಕೂಡ ನೋಡಿದೆ. ಕಣಗಳು ಸುಮ್ಮನೆ ಬಿದ್ದುಕೊಂಡಿದ್ದವು, ನೂಕಾಟವಿಲ್ಲ. “ನೋಡ್ತೀರಾ?” ಎಂದೆ. ಈ ಸಲ ಅವರು ಬಗ್ಗಿ ತುಂಬ ಹೊತ್ತು ನೋಡಿದರು.

ಆಮೇಲೆ ಬ್ಯಾಗಿನಿಂದ ಗುಂಡನ ಕಾರ್ಡು ತೆಗೆದು ಕೊಟ್ಟರು. ಜಂತುಹುಳದ ಕಾಲಮ್ಮಿನ ಕೆಳಗಿನ ಖಾಲಿ ಜಾಗದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ನೀಲಿ ಪೆನ್ನಿನಲ್ಲಿ ಬರೆದಿದ್ದರು: “ಹೃದಯದ ಹುಳ – ಪ್ರತಿ ತಿಂಗಳು 1ನೇ ತಾರೀಕು”. ಮುಂದೆ ಸಾಲಾಗಿ ಟಿಕ್ ಗುರುತು.

“ಈ ಸಾಲು ನಾವು ಹಾಕಬೇಕಿತ್ತು ಅಮ್ಮ” ಎಂದೆ. ಹೇಳಲು ನನಗೆ ಒಂದು ವರ್ಷದ ಮೇಲೆ ಹಿಡಿದಿತ್ತು. “ತಪ್ಪು ನಿಮ್ಮದಾಗಿರಲಿಲ್ಲ. ಆವತ್ತೇ ಹೇಳಬೇಕಿತ್ತು.”

“ಗೊತ್ತು ಡಾಕ್ಟ್ರೇ. ಎಕ್ಸ್‌ರೇ ತೆಗೆಯೋಣ ಅಂತ ನೀವು ಕಾರ್ಡು ಮಡಚಿದ್ರಲ್ಲ, ಆಗ್ಲೇ ಗೊತ್ತಾಯ್ತು.” ಬೆಲ್ಟನ್ನು ಕೈಯಿಂದ ಬಿಡಿಸಿ ಸಡಿಲ ಮಾಡಿದರು. “ಅದಿರ್ಲಿ, ಇವನ ಎಡಗಿವಿ ಮತ್ತೆ ತುರಿಸ್ತಿದೆ. ಒಂಚೂರು ನೋಡಿ.”